ಅತ್ತೆಯ ಗುಲಾಬಿಗೆ ನನ್ನ ಚಿಕಿತ್ಸೆ

ಈ ಮನೆಯಲ್ಲಿ ಇನ್ನು ಮುಂದೆ ಯಾವ ಗುಲಾಬಿ ಗಿಡವೂ ರೋಗದಿಂದ ಸಾಯುವುದಿಲ್ಲ ಎಂದು ನಾನು ಸಂಕ್ರಾಂತಿಯ ಮರುದಿನ ಬೆಳಿಗ್ಗೆ ಘೋಷಿಸಿದೆ. ಘೋಷಣೆಯನ್ನು ಕೇಳಲು ಅಂಗಳದಲ್ಲಿ ಇದ್ದದ್ದು ಎರಡೇ ಜೀವ: ನನ್ನ ಹೆಂಡತಿ ಸುನಂದಾ ಮತ್ತು ಗುಲಾಬಿ ಗಿಡ. ಮನೆಯಲ್ಲಿ ಇದ್ದದ್ದು ಅದೊಂದೇ ಗಿಡ, ಅದಕ್ಕೆ ಆಗ ಯಾವ ರೋಗವೂ ಇರಲಿಲ್ಲ ಎಂಬುದನ್ನು ಸತ್ಯದ ಮರ್ಯಾದೆಗಾಗಿ ಇಲ್ಲೇ ದಾಖಲಿಸಿಬಿಡುತ್ತೇನೆ.

ಸುನಂದಾ ಕೇಳಿದಳು: “ಇಪ್ಪತ್ತಾರು ವರ್ಷ ಅದು ತಾನ ಬದಕೇತಿ. ಈಗ್ಯಾಕ ನಿಮಗ ಅದರ ಚಿಂತಿ?”

ಚಿಂತೆಗೆ ಕಾರಣ ವಿಲೀನ.

ಸಾಂಗ್ಲಿ, ಮಿರಜ, ಕುಪವಾಡ ಮೂರನ್ನೂ ಕೂಡಿಸಿ ಒಂದೇ ಮಹಾನಗರಪಾಲಿಕೆ ಮಾಡಿದ ವರ್ಷ ಅದು. ಊರುಗಳು ಕೂಡಿದ್ದನ್ನು ನೋಡಿ ನನ್ನ ಅಣ್ಣ ರೇವಪ್ಪನಿಗೂ ಕೂಡಿಸುವ ಹುಕಿ ಬಂತು. ಸಾಂಗ್ಲಿಯ ಮಾರ್ಕೆಟ್ ಯಾರ್ಡಿನಲ್ಲಿ ಅವನದು ಅರಿಶಿನದ ಅಡತಿ ಅಂಗಡಿ, ರೈತರ ಮಾಲನ್ನು ದಲಾಲಿಗೆ ಮಾರಿಕೊಡುವುದು. ಮಿರಜದಲ್ಲಿ ನನ್ನದು ಹಗ್ಗ, ಗೋಣಿಚೀಲದ ಅಂಗಡಿ. “ಸರಕಾರ ಮೂರು ಊರು ಒಂದು ಮಾಡೇತಿ, ನಮಗ ಎರಡು ಅಂಗಡಿ ಒಂದು ಮಾಡಾಕ ಆಗೂದಿಲ್ಲೇನೋ ಮಾಲಿಂಗಾ?” ಎಂದ. ದೀಪಾವಳಿಯ ಪಾಡ್ಯದ ದಿನ ನನ್ನ ಅಂಗಡಿ ಅವನ ಅಂಗಡಿಯಲ್ಲಿ ಲೀನವಾಯಿತು. ವಿಲೀನದ ಬೆನ್ನಿಗೇ ಪುನರ್ರಚನೆ. ಎರಡು ಅಂಗಡಿಗೆ ಮಾಲೀಕ ಕೂಡುವ ಗಾದಿಗಳು ಎರಡಿದ್ದವು. ಕೂಡಿದ ಅಂಗಡಿಗೆ ಒಂದೇ ಗಾದಿ ಸಾಕಾಯಿತು. ಅದರ ಮೇಲೆ ಅಣ್ಣ ಕುಳಿತ. ನನ್ನ ಪಾಲಿಗೆ ಗೋದಾಮು ಬಂತು.

ಗೋದಾಮಿನಲ್ಲಿ ನನ್ನ ಕೆಲಸ ಚೀಲ ಬಿಚ್ಚಿಸುವುದು, ಅರಿಶಿನದ ಮಾದರಿ ತೆಗೆಯುವುದು, ನೋಡುವುದು. ನೋಡಿ ನೋಡಿ ಎರಡೂವರೆ ತಿಂಗಳಲ್ಲಿ ನಾನು ಪಂಡಿತನಾದೆ. ಒಂದು ಚಿಟಿಕೆ ಪುಡಿ ಅಂಗೈಗೆ ಹಾಕಿದರೆ ಸಾಕು, ಇದು ನಮ್ಮ ರಾಜಾಪುರಿ, ಇದು ಸೇಲಂ, ಇದು ಒಂದನೆಯ ನಂಬರು, ಇದು ಎರಡನೆಯದು ಎಂದು ಹೇಳಿಬಿಡುತ್ತಿದ್ದೆ. ಇಷ್ಟು ಹರಿತವಾದ ಕಣ್ಣನ್ನು ಬರೀ ಅರಿಶಿನಕ್ಕೆ ಮೀಸಲಿಡುವುದು ಅನ್ಯಾಯವೆನಿಸಿತು. ಮಿರಜ ಸ್ಟ್ಯಾಂಡಿನಲ್ಲಿ ಗುಲಾಬಿಯ ರೋಗಗಳ ಮೇಲೆ ಒಂದು ಮರಾಠಿ ಪುಸ್ತಿಕೆ ಸಿಕ್ಕಿತು. ಜೊತೆಗೆ ಒಂದು ಭೂತಗನ್ನಡಿ ಕೊಂಡೆ. ಇಷ್ಟಾದ ಮೇಲೆ ಘೋಷಣೆಯೊಂದೇ ಬಾಕಿ ಇತ್ತು.

ವಿಲೀನದಿಂದ ಮನೆಯಲ್ಲೂ ಒಂದು ಹೊಸ ಕಾನೂನು ಬಂದಿತ್ತು. ಸಂಜೆ ಸಿಟಿ ಬಸ್ಸಿನಿಂದ ಇಳಿದು ಬರುವಾಗ ನನ್ನ ಅಂಗಿ, ಟೊಪ್ಪಿಗೆ, ಟವೆಲ್ಲು, ಕಿವಿಯ ಸಂದು ಎಲ್ಲವೂ ಹಳದಿ. ಹೊಸ ಅರಿಶಿನದ ಆವಕ ಶುರುವಾದ ಮೇಲಂತೂ ಕೇಳುವುದೇ ಬೇಡ. ಸುನಂದಾ ಹೊಸ್ತಿಲಲ್ಲಿ ತಡೆದಳು: “ಓಣ್ಯಾಗ ಜಾಡಿಸಿ ಒಳಗ ಬರ್ರಿ. ನನ್ನ ಹಾಸಿಗಿ ಮ್ಯಾಲ ಅಡತಿ ತೆಗೀಬ್ಯಾಡ್ರಿ.” ಗಂಡಸು ಕಾನೂನನ್ನು ಒಪ್ಪಬೇಕು, ಒಪ್ಪಿದೆ. ಆದರೆ ಐವತ್ತೆರಡು ವರ್ಷದ ವ್ಯಾಪಾರಸ್ಥ ಬನಿಯನ್ನಿನಲ್ಲಿ ಓಣಿಯ ನಡುವೆ ನಿಂತು ಅಂಗಿ ಜಾಡಿಸುವುದನ್ನು ಎದುರು ಮನೆಯ ಕಲ್ಲಯ್ಯ ಮಾಸ್ತರರು ಕಟ್ಟೆಯ ಮೇಲೆ ಕುಳಿತು ನೋಡುವುದೆಂದರೇನು? ಕಾಂಪೌಂಡಿನ ಗೋಡೆಯ ಮರೆ ಇರುವುದೇ ಇಂಥದ್ದಕ್ಕೆ. ಕಾನೂನೂ ಉಳಿಯಿತು, ಮಾನವೂ ಉಳಿಯಿತು.

ಇನ್ನು ಗಿಡದ ವಿಷಯ. ಅದು ಅಂಗಡಿಯಲ್ಲಿ ಕೊಂಡ ಗಿಡವಲ್ಲ. ನಮ್ಮ ಲಗ್ನದ ವರ್ಷ ಅತ್ತೆ ಗುರುಶಾಂತವ್ವ ತಮ್ಮೂರು ಖಂಡೇರಾಜುರಿಯ ಹಿತ್ತಲಿನಿಂದ ಒಂದು ಟೊಂಗೆ ಕತ್ತರಿಸಿ, ಒದ್ದೆ ಅರಿವೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ತಂದು ನೆಟ್ಟದ್ದು. ನಸುಗೆಂಪು ಬಣ್ಣದ ನಾಟಿ ಗುಲಾಬಿ. ಅಂದಿನಿಂದ ಸುನಂದಾಳ ಲಿಂಗಪೂಜೆಗೆ ದಿನಾ ಹೂವು ಅದರದೇ, ಶಿವರಾತ್ರಿಗಂತೂ ತಪ್ಪಿದ್ದೇ ಇಲ್ಲ. ಖಂಡೇರಾಜುರಿಯ ತಾಯಿಗಿಡ ಒಣಗಿ ಹೋಗಿ ಎಷ್ಟೋ ವರ್ಷವಾಗಿತ್ತು. ಆ ಬಳಗದಲ್ಲಿ ಉಳಿದದ್ದು ಇದೊಂದೇ.

ಆ ಮಾಘದಲ್ಲಿ ಅತ್ತೆಯವರು ಕಣ್ಣಿನ ಆಪರೇಶನ್ನಿಗೆಂದು ನಮ್ಮಲ್ಲಿಗೆ ಬರುವವರಿದ್ದರು. ಎರಡೂ ಕಣ್ಣಿಗೆ ಪೊರೆ ಬಂದು ಬೆಳಕು ಯಾವುದು, ನೆರಳು ಯಾವುದು ಎಂಬಷ್ಟೇ ತಿಳಿಯುತ್ತಿತ್ತು. ಮಿರಜದ ಡಾಕ್ಟರು ಒಂದು ಕಣ್ಣಿಗೆ ತಾರೀಖು ಕೊಟ್ಟಿದ್ದರು. ಪಟ್ಟಿ ಬಿಚ್ಚುವುದು ಶಿವರಾತ್ರಿಯ ಹಿಂದಿನ ದಿನ. ಅತ್ತೆ ಮೊದಲೇ ಹೇಳಿ ಕಳಿಸಿದ್ದರು: “ಕಣ್ಣು ಬಂದ ಕೂಡಲೆ ಮೊದಲ ನನ್ನ ಗಿಡಾ ನೋಡಾಕಿ. ಆಮ್ಯಾಲ ಮಗಳ ಮಾರಿ.” ಅಳಿಯನ ಮುಖದ ಸರದಿ ಎಷ್ಟನೆಯದು ಎಂದು ತಿಳಿಸಿರಲಿಲ್ಲ.

ಘೋಷಣೆಯಾಗಿ ಹತ್ತು ದಿನಕ್ಕೆ ರೋಗ ಕಾಣಿಸಿತು. ಭೂತಗನ್ನಡಿ ಹಿಡಿದು ನೋಡಿದೆ. ಎಲೆಗಳ ಮೇಲೆ ನುಣ್ಣನೆಯ ಹಳದಿ ಪುಡಿ. ನನಗೆ ಆದ ಆನಂದವನ್ನು ಮುಚ್ಚಿಡುವುದಿಲ್ಲ. ಪುಸ್ತಿಕೆ ತೆರೆದರೆ ಹನ್ನೆರಡನೆಯ ಪುಟದಲ್ಲಿ ಸಾಕ್ಷಾತ್ ಅದೇ: ತಾಂಬೇರಾ, ಎಂದರೆ ತುಕ್ಕು ರೋಗ, ಎಲೆಗೆ ಹಳದಿ-ಕೇಸರಿ ಪುಡಿ ಹತ್ತುತ್ತದೆ, ರೋಗ ಹಿಡಿದ ಎಲೆಗಳನ್ನು ಕಿತ್ತು ಸುಡಬೇಕು. ಈ ಪುಡಿ ಮೊದಲು ಎಲೆಯ ಕೆಳಮೈಯಲ್ಲಿ ಹುಟ್ಟುತ್ತದೆ ಎಂದೂ ಬರೆದಿತ್ತು. ಎಲೆ ಮಗುಚಿ ನೋಡಿದೆ. ಕೆಳಗೆ ತೊಳೆದಿಟ್ಟ ಹಾಗೆ ಸ್ವಚ್ಛ. ಪುಸ್ತಿಕೆ ಅಚ್ಚಾದದ್ದು ಪುಣೆಯಲ್ಲಿ. ಅಲ್ಲಿಯ ರೋಗ ಕೆಳಗಿನಿಂದ ಶುರುವಾಗುತ್ತಿರಬಹುದು, ನಮ್ಮ ಮಿರಜದ್ದು ಮೇಲಿನಿಂದ ಶುರುವಾಗುತ್ತದೆ ಎಂದು ತೀರ್ಮಾನಿಸಿದೆ.

ಸುನಂದಾ ಬಂದು ಬಗ್ಗಿ ನೋಡಿದಳು. “ಇದು ಅರಿಷಿಣ ಇದ್ದಂಗ ಕಾಣತೈತಲ್ಲರಿ?”

ನನಗೆ ಮೈಯೆಲ್ಲ ಉರಿಯಿತು. “ಅರಿಷಿಣದ ಸುದ್ದಿ ನನಗ ಹೇಳಬ್ಯಾಡ ಸುನಂದಾ. ಮುಂಜಾನಿಂದ ಸಂಜೀತನಕ ಅದರಾಗ ನಿಂತಿರತೇನಿ. ಅರಿಷಿಣ ಇರೂದು ಸಾಂಗ್ಲ್ಯಾಗ, ಗಿಡ ಇರೂದು ಮಿರಜದಾಗ. ನಡುವ ಹತ್ತು ಕಿಲೋಮೀಟರ್. ಹಾರಿ ಬರತೈತೇನ?”

ಅವಳು ಕೈ ತೊಳೆದುಕೊಂಡು ಒಳಗೆ ಹೋದಳು. ಆಮೇಲೆ ಹದಿನೈದು ದಿನ ಗಿಡದ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದನ್ನು ನಾನು ಶರಣಾಗತಿ ಎಂದುಕೊಂಡೆ.

ಮೊದಲ ದಿನ ಮೂವತ್ತು ಎಲೆ ಕಿತ್ತು ಸುಟ್ಟೆ. ಮರುದಿನ ನೋಡಿದರೆ ಉಳಿದ ಎಲೆಗಳ ಮೇಲೆ ಪುಡಿ. ಮತ್ತೆ ಇಪ್ಪತ್ತು ಕಿತ್ತೆ. ಮೂರನೆಯ ದಿನ ಮತ್ತೆ ಪುಡಿ. ಈ ವೇಗದಲ್ಲಿ ಹೋದರೆ ರೋಗ ಮುಗಿಯುವ ಮೊದಲು ಗಿಡ ಮುಗಿಯುತ್ತದೆ ಎಂಬ ಲೆಕ್ಕ ನನಗೂ ತಿಳಿಯಿತು. ಯುದ್ಧತಂತ್ರ ಬದಲಿಸಿ ರೋಗವನ್ನು ತೊಳೆದು ಹಾಕಲು ನಿಶ್ಚಯಿಸಿದೆ. ದಿನಾ ಸಂಜೆ ಸಾಂಗ್ಲಿಯಿಂದ ಬಂದವನೇ, ಗೋದಾಮಿನ ಬಟ್ಟೆಯಲ್ಲೇ ನಿಂತು, ಔಷಧ ಸಿಂಪಡಿಸುವ ಕೈಪಂಪಿನಿಂದ ಗಿಡಕ್ಕೆ ತಲೆಯಿಂದ ಬುಡದವರೆಗೆ ಸ್ನಾನ ಮಾಡಿಸುತ್ತಿದ್ದೆ. ಆಮೇಲೆ ಬಟ್ಟೆ ಜಾಡಿಸಿ ಒಳಗೆ ಹೋಗುತ್ತಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಪುಡಿ ಹೋಗಿರಲಿಲ್ಲ. ಒದ್ದೆ ಎಲೆಗೆ ಬಣ್ಣ ಬಳಿದ ಹಾಗೆ ಗಟ್ಟಿಯಾಗಿ ಅಂಟಿರುತ್ತಿತ್ತು. ರೋಗ ನನ್ನ ಮೇಲೆ ಹಟಕ್ಕೆ ಬಿದ್ದಿದೆ ಎಂದು ಖಚಿತವಾಯಿತು.

ವಾರ ಕಳೆಯುವಷ್ಟರಲ್ಲಿ ಎಲೆಗಳ ಮೇಲೆ ಕಪ್ಪು ಚುಕ್ಕೆಗಳೂ ಮೂಡಿದವು, ಸುತ್ತ ಅಂಚು ಹರಕು ಹರಕು. ಇದು ಪುಸ್ತಿಕೆಯ ಒಂಬತ್ತನೆಯ ಪುಟ: ಕಪ್ಪು ಚುಕ್ಕೆ ರೋಗ, ಎಲೆಗಳು ರಾತ್ರಿಯಿಡೀ ಒದ್ದೆಯಾಗಿದ್ದರೆ ಬರುತ್ತದೆ, ಆದ್ದರಿಂದ ಸಂಜೆ ಗಿಡದ ಮೇಲೆ ನೀರು ಹಾಕಬಾರದು. ಈ ಪುಟವನ್ನು ನಾನು ಒಂದು ವಾರ ತಡವಾಗಿ ಓದಿದೆ. ನೀರು ಹೊಡೆಯುವುದನ್ನು ಕೂಡಲೇ ಬಿಡಬೇಕಿತ್ತು. ಆದರೆ ನೀರು ಬಿಟ್ಟರೆ ಹಳದಿಗೆ ಜಯವಾಗುತ್ತದೆ. ಹೀಗೆ ಒಂದು ರೋಗಕ್ಕೆ ಚಿಕಿತ್ಸೆ ಮಾಡುತ್ತ ಇನ್ನೊಂದನ್ನು ಸಂಪಾದಿಸಿದ ಮೇಲೆ ತಜ್ಞರ ಸಲಹೆ ಬೇಕೆನಿಸಿತು.

ತಜ್ಞರೆಂದರೆ ಮಾಲಗಾಂವದ ಜ್ಯೋತೆಪ್ಪ. ಮೂರು ಎಕರೆ ದ್ರಾಕ್ಷಿಯವನು, ಒಂದಿಷ್ಟು ಅರಿಶಿನವನ್ನೂ ಹಾಕಿ ನಮ್ಮ ಅಡತಿಗೆ ತರುತ್ತಾನೆ. ಒಂದು ಎಲೆಯನ್ನು ಕಾಗದದಲ್ಲಿ ಸುತ್ತಿ ಒಯ್ದು ಗೋದಾಮಿನಲ್ಲೇ ತೋರಿಸಿದೆ. ಅದೇ ನನ್ನ ದೊಡ್ಡ ತಪ್ಪು. ಅಲ್ಲಿ ಜ್ಯೋತೆಪ್ಪನ ಕೈ ಹಳದಿ, ನನ್ನ ಕೈ ಹಳದಿ, ಗಾಳಿಯೇ ಹಳದಿ. ಆ ಜಾಗದಲ್ಲಿ ಎಲೆ ಹಳದಿಯಾಗಿದೆ ಎಂದು ಯಾರಿಗೆ ತಾನೇ ಅನ್ನಿಸೀತು? ಅವನು ಹಳದಿಯನ್ನು ಹೆಬ್ಬೆರಳಿನಿಂದ ಒರೆಸಿ ಹಾಕಿ, ಕೆಳಗಿನ ಕಪ್ಪು ಚುಕ್ಕೆ ನೋಡಿದ. ದ್ರಾಕ್ಷಿಯವರ ಜಗತ್ತಿನಲ್ಲಿ ಇರುವುದು ಎರಡೇ ರೋಗ, ಭುರಿ ಎಂಬ ಬೂದಿರೋಗ ಮತ್ತು ಡಾವಣಿ ಎಂಬ ಬೂಜುರೋಗ. ಆಕಾಶದ ಕೆಳಗಿನ ಸಕಲ ಸಂಕಟವೂ ಈ ಎರಡರಲ್ಲಿ ಒಂದು. “ಡಾವಣಿ ಐತಿ ಕಾಕಾ. ಬೋರ್ಡೋ ಹೊಡೀರಿ,” ಎಂದ. ಬೋರ್ಡೋ ಎಂದರೆ ಮೈಲುತುತ್ತ, ಸುಣ್ಣ ಕೂಡಿಸಿದ ಔಷಧ. ಮರುದಿನ ಬರುವಾಗ ಒಂದು ಪೊಟ್ಟಣ ಮೈಲುತುತ್ತ ತಂದುಕೊಟ್ಟ. ಸುಣ್ಣ ನಮ್ಮ ಮನೆಯಲ್ಲೇ ಇತ್ತು, ದೀಪಾವಳಿಗೆ ಗೋಡೆಗೆ ಬಳಿದು ಉಳಿದದ್ದು.

ಅಷ್ಟರಲ್ಲಿ ಅತ್ತೆಯವರು ಬಂದರು, ಆಪರೇಶನ್ನೂ ಆಯಿತು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಯ ನಡುಕೋಣೆಯಲ್ಲಿ ಮಲಗಿದರು. ಮಲಗಿದಲ್ಲಿಂದಲೇ ದಿನಾ ಎರಡು ಸಲ ಕೇಳುತ್ತಿದ್ದರು, ಗಿಡ ಹೇಗಿದೆ, ಮೊಗ್ಗು ಎಷ್ಟು ಬಂದಿವೆ. ಮಗಳನ್ನು ಕೇಳಿದರೆ ಮಗಳು ನನ್ನ ಕಡೆ ನೋಡುತ್ತಿದ್ದಳು. “ಚಲೋ ಐತ್ರಿ ಅತ್ತೀ, ನಾನ ನೋಡಿಕೊಳ್ಳಾಕ ಹತ್ತೇನಿ,” ಎಂದು ನಾನು ಹೇಳುತ್ತಿದ್ದೆ. ಎರಡನೆಯ ಅರ್ಧ ನಿಜವಾಗಿತ್ತು.

ಮುಂದಿನ ಭಾನುವಾರ ಬೋರ್ಡೋ ಸಮಾರಂಭ. ಒಂದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮೈಲುತುತ್ತದ ನೀಲಿ ನೀರು, ಇನ್ನೊಂದರಲ್ಲಿ ಸುಣ್ಣದ ನೀರು. ಎರಡನ್ನೂ ಕೂಡಿಸಿ ಕಬ್ಬಿಣದ ಚಾಕು ಅದ್ದಿ ನೋಡಬೇಕು, ಚಾಕುವಿಗೆ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು ಎಂದರ್ಥ ಎಂದು ಜ್ಯೋತೆಪ್ಪ ಹೇಳಿಕೊಟ್ಟಿದ್ದ. ಸುನಂದಾಳ ಕಾಯಿಪಲ್ಯೆ ಹೆಚ್ಚುವ ಚಾಕು ಅದ್ದಿದೆ. ತಾಮ್ರದ ಬಣ್ಣ ಹತ್ತಿತು. ಒಂದು ಮುಷ್ಟಿ ಸುಣ್ಣ ಹಾಕಿದೆ. ಬಣ್ಣ ಹತ್ತುವುದು ನಿಂತಿತು. ಇಷ್ಟಕ್ಕೆ ಕೈ ಬಿಡಬೇಕಿತ್ತು. ಆದರೆ ಈ ರೋಗ ಸಾಧಾರಣದ್ದಲ್ಲವೆಂದು ಇನ್ನೂ ಎರಡು ಮುಷ್ಟಿ ಹಾಕಿ, ಗಿಡಕ್ಕೆ ಮೇಲೆ ಕೆಳಗೆ ತುಂಬಾ ಹೊಡೆದೆ. ಗೋಡೆ ಅರ್ಧ ನೀಲಿಯಾಯಿತು. ಹಗ್ಗದ ಮೇಲಿದ್ದ ನನ್ನದೇ ಎರಡು ಧೋತ್ರ ನೀಲಿಯಾದವು. ಗಿಡ ನೀಲಿಯಾಗಲಿಲ್ಲ.

ಗಿಡ ಕೆಂಪಾಯಿತು.

ನನ್ನ ಕಣ್ಣೆದುರಿಗೇ, ಒಂದೊಂದೇ ಎಲೆ, ಹಳದಿ ಇದ್ದಲ್ಲೆಲ್ಲ ರಕ್ತ ಒಸರಿದ ಹಾಗೆ ಕೆಂಪೇರುತ್ತ ಹೋಯಿತು. ಎಲೆಯ ತುದಿಯಿಂದ ಕೆಂಪು ಹನಿ ನೆಲಕ್ಕೆ ತೊಟ್ಟಿಕ್ಕಿತು. ಪುಸ್ತಿಕೆ ತಿರುವಿದೆ. ಮುಖಪುಟದಿಂದ ಹಿಂದಿನ ರಟ್ಟಿನವರೆಗೆ ಎಲ್ಲೂ ರಕ್ತ ಸುರಿಸುವ ರೋಗವಿರಲಿಲ್ಲ. ಜಗತ್ತಿನ ಯಾವ ಗುಲಾಬಿಗೂ ಬಾರದ ರೋಗ ನನ್ನ ಅಂಗಳದಲ್ಲಿ ಹುಟ್ಟಿತ್ತು. ಹೊಸ ರೋಗವನ್ನು ಕಂಡುಹಿಡಿದವರ ಹೆಸರನ್ನೇ ಅದಕ್ಕೆ ಇಡುತ್ತಾರಂತೆ ಎಂಬ ವಿಚಾರವೂ ಒಂದು ಕ್ಷಣ ಬಂದು ಹೋಯಿತು. ಮರುಕ್ಷಣವೇ ಒಳಗಿನಿಂದ ಅತ್ತೆಯ ದನಿ: “ಅಳಿಯಾರ, ಗಿಡಾ ಹೆಂಗೈತ್ರಿ?”

ಶಿವರಾತ್ರಿಗೆ ಐದು ದಿನ ಇತ್ತು. ಗಿಡದಲ್ಲಿ ಇನ್ನು ಹನ್ನೊಂದು ಎಲೆ, ಒಂದು ಮೊಗ್ಗು. ಅದೊಂದು ಉದುರಿದರೆ ಅತ್ತೆಗೆ ನೋಡಲು ಮುಳ್ಳು, ಪೂಜೆಗೆ ಮುಳ್ಳು, ನನ್ನ ಪಾಲಿಗೂ ಅದೇ. ಸುನಂದಾ ಹೊರಗೆ ಬಂದು ಕೆಂಪು ಗಿಡ, ನೀಲಿ ಗೋಡೆ, ತಾಮ್ರಬಣ್ಣದ ಚಾಕು ಮೂರನ್ನೂ ನೋಡಿದಳು. ಚಾಕು ಮಾತ್ರ ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೆ ಹಗುರಾಗುತ್ತಿತ್ತು.

ಮರುದಿನ ಸೋಮವಾರ ಸಂಜೆ. ಗೋದಾಮಿನಲ್ಲಿ ಎಂದಿಗಿಂತ ಹೆಚ್ಚು ಚೀಲ ಬಿಚ್ಚಿಸಿ, ಎಂದಿಗಿಂತ ಹೆಚ್ಚು ಹಳದಿಯಾಗಿ ಬಂದೆ. ಅಂಗಳದಲ್ಲಿ ಗಿಡದ ಪಕ್ಕ ಸ್ಟೂಲಿನ ಮೇಲೆ ಅತ್ತೆಯವರು ಕುಳಿತಿದ್ದರು. ಗಾಳಿಗೆಂದು ಮಗಳು ತಂದು ಕೂಡ್ರಿಸಿ ದೀಪ ಹಚ್ಚಲು ಒಳಗೆ ಹೋಗಿದ್ದಳು. ಮಾತಾಡಿಸಿದರೆ ಗಿಡದ ವಿಷಯ ಬರುತ್ತದೆ. ಸುಮ್ಮನಿದ್ದರೆ ಅವರಿಗೆ ನಾನು ಕಾಣುವುದಿಲ್ಲ, ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಪೊರೆ. ಬನಿಯನ್ನಿನ ಮಾನಕ್ಕೂ ಧಕ್ಕೆಯಿಲ್ಲ. ಸದ್ದಿಲ್ಲದೆ ಗಿಡಕ್ಕೆ ನೀರು ಹೊಡೆದೆ. ಸದ್ದಿಲ್ಲದೆ ಅಂಗಿ ಕಳಚಿದೆ. ಗೋಡೆಯ ಮರೆಗೆ ನಿಂತು ದಿನದ ಹಾಗೆ ಮೂರು ಸಲ ಜಾಡಿಸಿದೆ.

ಅತ್ತೆಯವರು ಮೂರು ಸಲ ಸೀನಿದರು.

ಆಮೇಲೆ ಮೂಗು ಎತ್ತಿ ಗಾಳಿಯನ್ನು ಪರೀಕ್ಷಿಸಿದರು. ಕೈ ಚಾಚಿ ತಡವರಿಸಿ ಒಂದು ಎಲೆ ಹಿಡಿದು, ಬೆರಳಿನಿಂದ ಉಜ್ಜಿ, ಮೂಸಿದರು. ಇನ್ನೂ ಒಂದು ಎಲೆ ಉಜ್ಜಿ ಮೂಸಿದರು. ನಾನು ಅಂಗಿಯನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದೆ.

“ಸುನಂದಾ,” ಎಂದು ಕರೆದರು. ಅವಳು ಕೈಯಲ್ಲಿ ಕಡ್ಡಿಪೆಟ್ಟಿಗೆ ಹಿಡಿದೇ ಬಂದಳು. “ಈ ಗಿಡಕ್ಕ ಯಾರರ ಸುಣ್ಣಾ ಹೊಡದಾರೇನ?”

“ನಿನ್ನೆ ಹೊಡದಾರ. ಹೊಡದ ಕೂಡಲೆ ಎಲಿ ಎಲ್ಲಾ ಕೆಂಪ ಆದೂವು.”

“ಅರಿಷಿಣಕ್ಕ ಸುಣ್ಣಾ ಬಿದ್ದರ ಕೆಂಪ ಆಗದ ಮತ್ತೇನ ಆಗತೈತಿ? ನಿನ್ನ ಲಗ್ನದಾಗ ಆರತಿ ನೀರು ನಾನ ಕಲಸೇನಿ, ಹಿಂಗ ಕಲಸೇನಿ.” ಹಳದಿ ಹತ್ತಿದ ಬೆರಳನ್ನು ಅಂದಾಜಿನಿಂದ ನನ್ನ ಕಡೆಗೇ ಚಾಚಿದರು. “ಅಳಿಯಾರ, ಅಲ್ಲೇ ಅದೀರಲ್ಲ? ನೀವು ಇದರಾಗ ಶ್ಯಾಣ್ಯಾರು. ನೋಡ್ರಿ, ಏನಿದು?”

ಸುಳ್ಳು ಹೇಳಬಹುದಿತ್ತು. ಆದರೆ ಮೂರೂವರೆ ತಿಂಗಳ ರೂಢಿ ನಾಲಿಗೆಯ ತುದಿಯಲ್ಲೇ ಕುಳಿತಿತ್ತು. ಬೆರಳು ನೋಡಿದ್ದೇ ತಡ, ತಾನಾಗಿ ಹೊರಬಿತ್ತು.

“ರಾಜಾಪುರಿ,” ಎಂದೆ. “ಎರಡನೇ ನಂಬರ್.”

ಸುನಂದಾ ನನ್ನ ಬನಿಯನ್ನು ನೋಡಿದಳು, ಕೈಯಲ್ಲಿದ್ದ ಅಂಗಿ ನೋಡಿದಳು, ನೀರು ತೊಟ್ಟಿಕ್ಕುವ ಗಿಡ ನೋಡಿದಳು, ನಾನು ನಿಂತ ಜಾಗ ನೋಡಿದಳು. ಓಣಿಯಲ್ಲಿ ಜಾಡಿಸಿ ಎಂದು ಹೇಳಿದ್ದನ್ನು ನೆನಪಿಸುವ ಗೋಜಿಗೆ ಹೋಗಲಿಲ್ಲ. ತಾಯಿಯನ್ನೇ ಕೇಳಿದಳು: “ಅರಿಷಿಣ ಇರೂದು ಸಾಂಗ್ಲ್ಯಾಗ ಯವ್ವಾ. ಗಿಡ ಇರೂದು ಮಿರಜದಾಗ. ನಡುವ ಹತ್ತು ಕಿಲೋಮೀಟರ್ ಐತಂತ. ಹೆಂಗ ಬಂದೀತ ಇಲ್ಲಿಗೆ?”

“ಹೆಂಗ ಅಂದರ? ದಿನಾ ಟಿಕೀಟ ತಗಸಿ ಬಸ್ಸಿನ್ಯಾಗ ಬರತೈತಿ,” ಎಂದರು ಅತ್ತೆ. “ಆರೂವರಿ ಬಸ್ಸಿಗೆ.”

ಅಂದು ರಾತ್ರಿಯೇ ಮನೆಯಲ್ಲಿ ಎರಡನೆಯ ಪುನರ್ರಚನೆ ಆಯಿತು. ಭೂತಗನ್ನಡಿ ಜಪ್ತಿಯಾಯಿತು. ಪುಸ್ತಿಕೆಯ ಒಂಬತ್ತನೆಯ ಪುಟ ಒಂದನ್ನು ಮಾತ್ರ ಸುನಂದಾ ಓದಿಸಿಕೊಂಡಳು. ಕಪ್ಪು ಚುಕ್ಕೆಯೊಂದೇ ಗಿಡಕ್ಕೆ ನಿಜವಾಗಿ ಬಂದ ರೋಗ, ಅದನ್ನೂ ತಂದವನು ನಾನೇ. ಮರುದಿನ ಬೆಳಿಗ್ಗೆ ಬಿಸಿಲು ಏರುವ ಮೊದಲು ಅವಳು ಒದ್ದೆ ಅರಿವೆಯಿಂದ ಹನ್ನೊಂದೂ ಎಲೆಗಳನ್ನು ಮೆತ್ತಗೆ ಒರೆಸಿದಳು. ನೆಲಕ್ಕೆ ಉದುರಿದ ಚುಕ್ಕೆ ಎಲೆಗಳನ್ನು ಆರಿಸಿ ಸುಟ್ಟಳು. ನೀರನ್ನು ಬುಡಕ್ಕೆ ಮಾತ್ರ ಹಾಕಿದಳು. ಒಟ್ಟು ಇಪ್ಪತ್ತು ನಿಮಿಷ. ನನಗೆ ಬಂದ ಹೊಸ ಹುದ್ದೆಯೆಂದರೆ ಓಣಿಯ ನಟ್ಟನಡುವೆ, ಕಲ್ಲಯ್ಯ ಮಾಸ್ತರರ ಕಟ್ಟೆಯ ಎದುರಿಗೆ, ಬನಿಯನ್ನಿನಲ್ಲಿ ನಿಂತು ಅಂಗಿ ಜಾಡಿಸುವುದು. ಮೊದಲ ದಿನ ಮಾಸ್ತರರು ಕನ್ನಡಕ ಹಾಕಿಕೊಂಡು ನೋಡಿದರು. ಎರಡನೆಯ ದಿನ ಮೊಮ್ಮಕ್ಕಳನ್ನೂ ಕರೆದು ಕೂಡ್ರಿಸಿಕೊಂಡರು.

ಮೊಗ್ಗು ಉದುರಲಿಲ್ಲ. ಶಿವರಾತ್ರಿಯ ಹಿಂದಿನ ದಿನ ಅತ್ತೆಯ ಪಟ್ಟಿ ಬಿಚ್ಚಿದರು. ಕಪ್ಪು ಕನ್ನಡಕ ಹಾಕಿಕೊಂಡು ರಿಕ್ಷಾದಿಂದ ಇಳಿದವರು, ಯಾರ ಕೈಯನ್ನೂ ಹಿಡಿಯದೆ, ನೆಟ್ಟಗೆ ಗಿಡದ ಹತ್ತಿರ ನಡೆದು ಬಂದರು. ಮೊಗ್ಗು ಅರ್ಧ ಬಿರಿದಿತ್ತು, ಅದೇ ನಸುಗೆಂಪು. ಕನ್ನಡಕ ಒಂದಿಷ್ಟು ಎತ್ತಿ ಬಹಳ ಹೊತ್ತು ನೋಡಿದರು. ಒಂದೊಂದು ಎಲೆಯನ್ನೂ ಬೆರಳಿಟ್ಟು ಎಣಿಸಿದರು. ಸುನಂದಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಟವೆಲ್ಲಿನಿಂದ ಕಣ್ಣೊರೆಸಿಕೊಂಡೆ. ಗಿಡ ಬದುಕಿದ್ದಕ್ಕೋ ನಾನು ಬದುಕಿದ್ದಕ್ಕೋ ತಿಳಿಯಲಿಲ್ಲ.

ಆಮೇಲೆ ಅತ್ತೆ ಮಗಳ ಮುಖ ನೋಡಿ ಅವಳ ಗಲ್ಲ ಸವರಿದರು. ಕೊನೆಗೆ ನನ್ನ ಸರದಿ ಬಂತು. ನಾನು ಟೊಪ್ಪಿಗೆ ಸರಿಮಾಡಿಕೊಂಡು ನಿಂತೆ. ಕಿವಿಯ ಸಂದಿನಿಂದ ಕೊರಳಪಟ್ಟಿಯವರೆಗೆ ಹೊಸ ಕಣ್ಣಿನಿಂದ ನಿಧಾನವಾಗಿ ನೋಡಿ, ಮಗಳ ಕಡೆ ತಿರುಗಿದರು.

“ಡಾಕ್ಟರ ಚಲೋ ಅದಾನ ಸುನಂದಾ. ನನ್ನ ಇನ್ನೊಂದು ಕಣ್ಣಿಗೆ ಮುಂದಿನ ತಿಂಗಳ ತಾರೀಖು ಕೊಟ್ಟಾನಲ್ಲ, ಅದನ್ನ ಅಳಿಯಾರಿಗೆ ಕೊಡು. ನನಗ ಒಂದರಾಗ ನಡೀತೈತಿ.”